ಬಣ್ಣ ತಿರುಗುವ ಹೊತ್ತು

ಲ್ಯುಬ್ಲಿಯಾನಾದ ಹಳೆ ರೈಲು ಶೆಡ್ಡು,
ಈಗ ಅಲ್ಲಿ ಶನಿವಾರದ ಕುಣಿತ.
ಗೋಡೆ ಎದೆ ಬಡಿದುಕೊಳ್ಳುವಷ್ಟು ಸದ್ದು.
ಹಿಂಬಾಗಿಲಲ್ಲಿ ಮಡಚುವ ಮೇಜು ಹಾಕಿ
ಕೂತಿದ್ದಳು ಝ್ದೆಂಕಾ,
ಮೂವತ್ತು ವರ್ಷ ರಸಾಯನಶಾಸ್ತ್ರ ಕಲಿಸಿದವಳು,
ನೋಯುವ ಮೊಣಕಾಲಿಗೆ ಉಣ್ಣೆ ಸುತ್ತಿಕೊಂಡು.

ನೀರಿನ ಬಾಟಲಿ, ಹೆಚ್ಚಿಟ್ಟ ಕಿತ್ತಳೆ,
ಕಿವಿಗೆ ತುರುಕುವ ಸ್ಪಂಜು, ಪಿಂಗಾಣಿ ತಟ್ಟೆ.
ಬೇಡ ಎಂಬ ಮಾತೊಂದು ಮಾತ್ರ
ಮೇಜಿನ ಮೇಲಿರಲಿಲ್ಲ.

ಹುಡುಗ ಬಂದ. ಅಂಗೈ ಬೆವರಲ್ಲಿ
ಗುಲಾಬಿ ಗುಳಿಗೆ, ಅದರ ಮೇಲೊಂದು ಗೂಬೆ.
'ಒಳ್ಳೇ ಮಾಲಂತೆ.'
'ಅಂದವರು ಯಾರು?'
ನಕ್ಕ. ಅವಳು ನಗಲಿಲ್ಲ, ಗದರಲೂ ಇಲ್ಲ.
ಉಗುರಲ್ಲಿ ಚೂರು ಕೆರೆದು
ಒಂದು ಹನಿ ಬಿಟ್ಟಳು.

ನೇರಳೆ ಆಗಬೇಕಿತ್ತು.
ನಿಂಬೆ ಹಳದಿ ಆಯಿತು.

'ನೀನು ಅಂದುಕೊಂಡದ್ದಲ್ಲ ಇದು,'
ಕೊನೇ ಬೆಂಚಿನ ತಪ್ಪುತ್ತರಕ್ಕೆ
ಹೇಳುತ್ತಿದ್ದ ಅದೇ ದನಿ.
'ಏನೆಂದು ನನಗೂ ಗೊತ್ತಿಲ್ಲ.'

ಒಳಗಿಂದ ಯಾರೋ ಕೂಗಿದರು.
ಅವನು ಗೂಬೆಯ ಕಣ್ಣು ನೋಡುತ್ತ ನಿಂತ,
ಜೇಬಿಗಿಳಿಸಿದ, ಕೇಳಿದ:
'ಅರ್ಧ ಆದರೆ?'

ಝ್ದೆಂಕಾ ಕಿತ್ತಳೆಯನ್ನು ಮುಂದೆ ತಳ್ಳಿದಳು.
'ಕೂತ್ಕೋ. ಹೆಸರೇನು?'
'ತಿಲೆನ್.'
'ಯಾರ ಜೊತೆ ಬಂದಿದ್ದೀಯ, ತಿಲೆನ್?
ಮನೆಗೆ ಯಾರ ಜೊತೆ ಹೋಗ್ತೀಯ?'

ಕೂತ.
ಒಂದು ಕೈಯಲ್ಲಿ ಕಿತ್ತಳೆ ತಿಂದ,
ಇನ್ನೊಂದು ಜೇಬಿನ ಮೇಲೇ ಇತ್ತು.