ಹೋಗುವ ತುದಿ, ಹೋಗದ ತುದಿ

ಚಾಕಣದ ಕಾರ್ಖಾನೆಯಲ್ಲಿ ಹದಿನಾರು ವರ್ಷ
ಬೇರಿಂಗಿನ ತೂತು ಅಳೆದ ಕೈ ಇದು.
ಗೇಜಿಗೆ ಎರಡು ತುದಿ: ಒಂದು ಒಳಗೆ ಹೋಗಬೇಕು,
ಇನ್ನೊಂದು ಹೋಗಬಾರದು.
ಅಷ್ಟೇ ಶಾಸ್ತ್ರ. ಅಷ್ಟಕ್ಕೇ ಸಂಬಳ.

ಕಂಪನಿ ಫ್ರೆಂಚರ ಪಾಲಾದ ಮೇಲೆ
ಡ್ರಾಯಿಂಗಿನ ಮೂಲೆಗೆ ಸಣ್ಣಕ್ಷರದ ಟಿಪ್ಪಣಿ ಬಂತು.
ಅದರ ಬೆನ್ನು ಹತ್ತಿ ನಾನು ಬಂದೆ
ಮಂಗಳವಾರ, ಶುಕ್ರವಾರ, ಡೆಕ್ಕನ್ನಿನ ಈ ಎರಡನೇ ಮಹಡಿಗೆ,
ಗ್ರೀಸಿನ ವಾಸನೆಯನ್ನು ಪಕ್ಕದಲ್ಲೇ ಕೂರಿಸಿಕೊಂಡು.

ಮೊದಲ ವರ್ಷ ಸಲೀಸು. ರೊಟ್ಟಿಗೊಂದು ಪದ, ನೀರಿಗೊಂದು,
ಬೆಕ್ಕು, ಛತ್ರಿ, ನನ್ನ ಹೆಸರು ಬಸಲಿಂಗ.
ಚೀಲ ತುಂಬುವುದು ಹೆಗಲಿಗೆ ಗೊತ್ತಾಗುತ್ತಿತ್ತು.
ಈಗ ನಡುಮಟ್ಟ. ದಿನಕ್ಕೆ ಇಪ್ಪತ್ತು ಸುರಿದರೂ ಏರುವುದಿಲ್ಲ.
ಭೋಸರಿ ದಾಟುವಷ್ಟರಲ್ಲಿ ಹದಿನೆಂಟು ಉದುರಿರುತ್ತವೆ.
ಎಲ್ಲೋ ತೂತು.
ತೂತು ಅಳೆಯುವವನಿಗೇ ಸಿಗದ ತೂತು.

ಕಾಣೇಕರ್ ಮೇಡಂ ಬೋರ್ಡಿನ ಮೇಲೆ ಬರೆದರು: ಆತಾಂದ್ರ್.
ಇಂಗ್ಲಿಷಿನ ಅಟೆಂಡು ತಾನೇ, ಅಂದೆ ಧೈರ್ಯವಾಗಿ.
ಅಲ್ಲ, ಕಾಯುವುದು, ಅಂದರು.
ಕಾಯು, ಅಂತ ಕನ್ನಡದಲ್ಲಿ ಬರೆದುಕೊಂಡೆ.
ಬರೆದ ಪೆನ್ನು ಅಲ್ಲೇ ನಿಂತಿತು.
ಬಸ್ಸಿಗೆ ಕಾಯುವುದೋ, ಕುರಿ ಕಾಯುವುದೋ,
ಒಲೆಯ ಮೇಲೆ ಹಂಚು ಕಾಯುವುದೋ?
ನಲವತ್ತಮೂರು ವರ್ಷ ಮೂರನ್ನೂ ಒಂದೇ ಬಾಯಲ್ಲಿಟ್ಟುಕೊಂಡು
ಒಮ್ಮೆಯೂ ನಾಲಿಗೆ ಸುಟ್ಟಿರಲಿಲ್ಲ.

ಸುಟ್ಟದ್ದು ಈ ಊರಿಗೆ ಬಂದ ಹೊಸತರಲ್ಲಿ.
ಮನೆಯೊಡತಿ ಪಾನಸೆ ಕಾಕು ಅಂಗಳದಿಂದ ಕೂಗಿದಳು:
"ಖಾಲೀ ಯೇ!"
ಖಾಲಿ ಮಾಡು ಅಂದಳೆಂದು
ಹಾಸಿಗೆ ಸುತ್ತಿ, ಟ್ರಂಕು ತಲೆಯ ಮೇಲೆ ಹೊತ್ತು ಇಳಿದೆ,
ಬಾಡಿಗೆ ಕೊಟ್ಟೂ ಯಾಕಿಂಥ ಸಿಟ್ಟು ಅಂತ ಕಣ್ಣು ತುಂಬಿ.
ಆಕೆ ಕರೆದದ್ದು ಕೆಳಗೆ ಬಾ ಅಂತ.
ತಾಟಿನಲ್ಲಿ ಸಾಬುದಾಣೆ ಖಿಚಡಿ ಹೊಗೆಯಾಡುತ್ತಿತ್ತು.
ಇಡೀ ವಾಡೆ ನಕ್ಕಿತು.
ನನಗೆ ಮರಾಠಿ ಬಂದದ್ದು ಅವತ್ತೇ.

ಫ್ರೆಂಚು ಹಾಗೆ ನಗುವುದಿಲ್ಲ.
ಕೆಂಪು ಶಾಯಿಯಲ್ಲಿ ಒಂದು ಗೆರೆ, ಮುಂದಿನ ಪುಟ.
ಪಕ್ಕದ ಇರಾವತಿಗೆ ಹತ್ತೊಂಬತ್ತು;
ಅವಳ ಮೊಬೈಲಿನಲ್ಲಿ ಪದಗಳು
ಇಸ್ಪೀಟಿನೆಲೆಯಂತೆ ಮಗುಚುತ್ತಲೇ ಇರುತ್ತವೆ.

ನಿನ್ನೆ ಪೆರ್ಸೊನ್ ಬಂತು.
ಒಬ್ಬ ಮನುಷ್ಯ ಅಂತಲೂ ಹೌದು,
ಯಾರೂ ಇಲ್ಲ ಅಂತಲೂ ಹೌದಂತೆ.
ಹೋಗುವ ತುದಿ, ಹೋಗದ ತುದಿ ಒಂದೇ ಆದ ಪೀಸು!
ನನ್ನ ಮೇಜಿಗೆ ಬಂದಿದ್ದರೆ ನೇರ ಕೆಂಪು ಡಬ್ಬಿಗೆ.

ಮೇಡಂ ಉದಾಹರಣೆ ಹುಡುಕುತ್ತಿದ್ದಾಗ ಕರೆಂಟು ಹೋಯಿತು.
ಫ್ಯಾನು ನಿಂತ ಸದ್ದು. ಕೆಳಗೆ ರಿಕ್ಷಾಗಳು.
ವಾಚ್‌ಮನ್ ಬಾಗಿಲಿಗೆ ಬಂದು ಕೂಗಿದ:
"ಆತ್ ಕೋಣ್ ಆಹೇ?"
ಒಳಗೆ ಯಾರು ಅಂತ. ಆದರೂ ನನ್ನ ಕಿವಿಗೆ
ಇವತ್ತಿಗೂ ಮೊದಲು ಕೇಳುವುದು ಕೋಣವೇ.
ಹನ್ನೊಂದು ಜನ, ಒಬ್ಬರೂ ಉಸಿರೆತ್ತಲಿಲ್ಲ.

"ಪೆರ್ಸೊನ್," ಅಂದೆ.

ಒಂದು ಗಳಿಗೆ ಏನೂ ಇಲ್ಲ.
ಆಮೇಲೆ ಕತ್ತಲೆಯಲ್ಲಿ ಇರಾವತಿ ಕಿಸಕ್ಕೆಂದಳು,
ಆಮೇಲೆ ಹಿಂದಿನ ಬೆಂಚು, ಆಮೇಲೆ, ತಡೆಯಲಾರದೆ, ಮೇಡಂ.
ವಾಚ್‌ಮನ್ ಅರ್ಥವಾಗದೆ ಮತ್ತೊಮ್ಮೆ ಕೇಳಿದ.

ಕರೆಂಟು ಬೇಗ ಬರಲಿಲ್ಲ. ಕಾದೆವು.
ಮೂರರಲ್ಲಿ ಯಾವ ಕಾಯುವುದು ಅಂದರೆ
ಹೇಳಲಾರೆ.