ಮೂರನೆಯವರ ಮಾತು

ಏಳು ದಿನ ಗಡುವು ಕೊಟ್ಟಿದ್ದಾರೆ ವಿಶ್ವಕೋಶದವರು.
ಅಷ್ಟರಲ್ಲಿ ನಾನು ತೋರಿಸಬೇಕು,
ಫೆಲಿಸ್ಮೀನಳ ಸಿಂಬಿ ಕಾಳಗವನ್ನು
ಲೋಕ ಎಲ್ಲಾದರೂ ಗಮನಿಸಿದೆ ಎಂದು.
ಇಲ್ಲವಾದರೆ ಪುಟ ಅಳಿಸುತ್ತಾರೆ.
ವಿನಯದಿಂದಲೇ ಬರೆದಿದ್ದಾರೆ, ಬೈದಿಲ್ಲ.

ಬೇಕಾದದ್ದು ಪತ್ರಿಕೆಯ ಬರಹ, ಇಲ್ಲವೇ ಪುಸ್ತಕ,
ನಮ್ಮ ನಂಟಿಲ್ಲದ ಮೂರನೆಯವರ ಮಾತು.
ಕಲಿಸಿದವಳ ಮಾತು ನಡೆಯುವುದಿಲ್ಲ,
ಕಲಿತವಳದಂತೂ ಇಲ್ಲವೇ ಇಲ್ಲ.

ನಮ್ಮದು ಪೋರ್ಚುಗಲ್ಲಿನ ತೆಂಕಣ ಅಂಚು,
ಬೂತಾಯಿ ಮೀನನ್ನು ಡಬ್ಬಿಗೆ ತುಂಬಿದ ಊರು.
ದೋಣಿ ದಡ ಮುಟ್ಟಿದೊಡನೆ ಸೈರನ್ನು,
ರಾತ್ರಿ ಎರಡಾಗಲಿ, ಮೂರಾಗಲಿ.
ಯಾವ ಧಣಿಯದೆಂದು ಕೂಗಿನಲ್ಲೇ ತಿಳಿಯುತ್ತಿತ್ತಂತೆ,
ಬಾಗಿಲಾಚೆ ಸಾಲ ಕೊಟ್ಟವನ ಕೆಮ್ಮಿನ ಹಾಗೆ.
ಹೆಂಗಸರು ಎದ್ದು ಕತ್ತಲಲ್ಲಿ ನಡೆಯುತ್ತಿದ್ದರು.
ದಾರಿಯಲ್ಲಿ ಗಂಡಸರಿರುತ್ತಿದ್ದರು.

ಕೈಯಲ್ಲಿ ಚೂರಿ ಕಂಡರೆ ಕೆಲಸ ಹೋಗುತ್ತಿತ್ತು.
ಬುಟ್ಟಿಯ ಕೆಳಗೆ ಸಿಂಬಿ ಇತ್ತಲ್ಲ,
ಹಳೇ ಲಂಗದ ಬಟ್ಟೆ, ಸುರುಳಿ ಸುತ್ತಿದ್ದು.
ಅದನ್ನು ಬಿಚ್ಚಿ, ಉಪ್ಪುನೀರಿಗದ್ದಿ, ಹಿಂಡಿ,
ಚಾಚಿದ ಮಣಿಕಟ್ಟಿಗೆ ಒಂದು ಸುತ್ತು ಹಾಕಿ
ಬೆನ್ನು ತಿರುಗಿಸಿದರೆ ಸಾಕು,
ಅವನ ಭಾರಕ್ಕೆ ಅವನೇ ಬೀಳುತ್ತಾನೆ.
ಒಂಬತ್ತು ಪಟ್ಟು. ಎಲ್ಲಕ್ಕೂ ಮೀನು ಕೆಲಸದ್ದೇ ಹೆಸರು:
ತಲೆ ಮುರಿ, ಕರುಳು ತೆಗೆ, ಎಣ್ಣೆ ಹೊಯ್ಯಿ, ಮುಚ್ಚಳ ಒತ್ತು...
ಆಮೇಲೆ ಸಿಂಬಿ ಸುತ್ತಿ, ಬುಟ್ಟಿ ಹೊತ್ತು,
ಏನೂ ನಡೆಯದವಳಂತೆ ನಡೆದುಬಿಡಬೇಕು.
ಅದು ಹತ್ತನೆಯದು. ಅದೇ ಕಷ್ಟದ್ದು
ಎನ್ನುತ್ತಾಳೆ ಫೆಲಿಸ್ಮೀನ. ಅವಳಿಗೀಗ ಎಂಬತ್ತಾರು.

ಮೂರು ದಿನ ದಫ್ತರ ಕೆದಕಿದೆ.
ಜಿಲ್ಲೆಯ ಪತ್ರಿಕೆಯಲ್ಲಿ ಅವಳ ಹೆಸರು ಒಮ್ಮೆ ಮಾತ್ರ ಬಂದಿದೆ:
ಮೀನು ಸಾರಿನ ಸ್ಪರ್ಧೆ, ಎರಡನೇ ಬಹುಮಾನ.

ನಾಲ್ಕನೇ ದಿನ ಕಾರ್ಖಾನೆಯ ದಂಡದ ಪುಸ್ತಕ ಸಿಕ್ಕಿತು,
ಹುಳ ತಿಂದು ಬಿಟ್ಟ ನವೆಂಬರ್, ಅರವತ್ತೊಂದನೇ ಇಸವಿ.
'ಫೆಲಿಸ್ಮೀನ. ಸಿಂಬಿ ಒದ್ದೆ, ಕೆಲಸಕ್ಕೆ ತಡ. ಅರ್ಧ ಕೂಲಿ ಕಡಿತ.'
ಅದರ ಕೆಳಗೆ, ಅದೇ ಶಾಯಿಯಲ್ಲಿ,
'ಮೇಸ್ತ್ರಿ ಅಬೀಲಿಯು. ಬಲಗೈ ಮುರಿತ. ರಜೆ.'
ಎರಡು ಸಾಲು, ನಡುವೆ ಒಂದು ಬೆರಳು ಜಾಗ.
ಅಲ್ಲಿ ಗೆರೆ ಎಳೆಯಲು ನನಗೆ ಹಕ್ಕಿಲ್ಲ,
ಸ್ವಂತ ಸಂಶೋಧನೆ ಕೂಡದೆಂದು ನಿಯಮವಿದೆ.

ಐದನೇ ದಿನ ಮೇಸ್ತ್ರಿಯನ್ನೇ ಹುಡುಕಿಕೊಂಡು ಹೋದೆ.
ಬಂದರಿನ ಕೆಫೆಯಲ್ಲಿ ಡಾಮಿನೊ ಆಡುತ್ತಿದ್ದ,
ಎಡಗೈಯಲ್ಲಿ.
ನಂಟಿಲ್ಲದ ಮೂರನೆಯವನೆಂದರೆ ಇವನೇ ಅಲ್ಲವೇ,
ಪೆಟ್ಟು ತಿಂದವನಿಗಿಂತ ನಿಷ್ಪಕ್ಷಪಾತಿ ಯಾರು?
'ಜಾರಿದೆ,' ಅಂದ. 'ಮಂಜಿತ್ತು. ಮೆಟ್ಟಿಲು ಒದ್ದೆ.'
'ಯಾರೂ ಇರಲಿಲ್ಲವೇ?'
'ಒಬ್ಬಳು ಹೋಗುತ್ತಿದ್ದಳು, ಬುಟ್ಟಿ ಹೊತ್ತು.
ಅವಳ ಪಾಡಿಗೆ ಅವಳು.'

ಚೀಲದಿಂದ ನನ್ನ ಸಿಂಬಿ ತೆಗೆದು ಮೇಜಿನ ಮೇಲಿಟ್ಟೆ.
ಕುರ್ಚಿ ಕಿರ್ರೆಂದು ಹಿಂದೆ ಸರಿಯಿತು,
ಒಂದು ಗೇಣು.

ಆ ಒಂದು ಗೇಣನ್ನು
ಅಡಿಟಿಪ್ಪಣಿಗೆ ಸೇರಿಸುವುದು ಹೇಗೆ?
ಕರ್ತೃ ಯಾರು, ಪ್ರಕಾಶಕರು ಯಾರು, ಪುಟ ಎಷ್ಟು?

ಹೇಳಿದೆ ಫೆಲಿಸ್ಮೀನಳಿಗೆ. ಬೆಳ್ಳುಳ್ಳಿ ಸುಲಿಯುತ್ತಿದ್ದಳು.
'ಬುಟ್ಟಿ ಹೊತ್ತು ಹೋಗುತ್ತಿದ್ದಳು ಅಂದನೇ?
ಅವಳ ಪಾಡಿಗೆ ಅವಳು ಅಂದನೇ?'
ಮತ್ತೊಮ್ಮೆ ಹೇಳಿಸಿದಳು. ಕಣ್ಣು ಮುಚ್ಚಿ ಕೇಳಿದಳು.
'ಹಾಗಿದ್ದರೆ ಹತ್ತನೆಯದೂ ಸರಿಯಾಗಿ ಬಿದ್ದಿದೆ.'

ಏಳನೇ ದಿನ ಗುರುವಾರ, ಪಾಠದ ದಿನ.
ಅಗ್ನಿಶಾಮಕ ಠಾಣೆಯ ಮಹಡಿ, ನಾವು ನಾಲ್ವರು,
ನಡುವೆ ಉಪ್ಪುನೀರಿನ ಬಕೆಟ್ಟು.
ಜೇಬಿನಲ್ಲಿ ಫೋನು ಒಮ್ಮೆ ನಡುಗಿತು.
ಬಟ್ಟೆ ಹಿಂಡುತ್ತಿದ್ದೆ,
ಕೈ ಒದ್ದೆಯಾಗಿತ್ತು.