ಓಗೊಡದ ಏಳು ಕರೆ

ಪುವೆರ್ತೊ ಮೋಂತ್‌ನ ಆಸ್ಪತ್ರೆ, ಮೂರನೇ ಮಹಡಿ, ರಾತ್ರಿ ಪಾಳಿ.
ನನ್ನೆದುರು ಹದಿನಾಲ್ಕು ಗೆರೆ.
ಒಂದೊಂದೂ ಯಾರದೋ ಎದೆಯಿಂದ ಎದ್ದು
ಫೋನಿಗೆ ಹತ್ತಿ, ಗೋಪುರದಿಂದ ಗೋಪುರಕ್ಕೆ ನೆಗೆದು
ಕಡಲು ದಾಟಿ ಬಂದದ್ದು.
ಮುಖ ಯಾರದ್ದೂ ನೋಡಿಲ್ಲ.
ನಡಿಗೆ ಮಾತ್ರ ಗೊತ್ತು.

ಹನ್ನೊಂದನೆಯದು ಎವಾರಿಸ್ತೊ ಲೆವಿಕೊಯ್,
ಅಪಿಯಾವ್ ದ್ವೀಪ, ಎಪ್ಪತ್ತೊಂದು ವರ್ಷ,
ಕಡಲಪಾಚಿ ಕೊಯ್ದು ಬದುಕುವವನು.
ನಸುಕಿನ ನಾಲ್ಕಕ್ಕೆ ಒಲೆ ಹೊತ್ತಿಸುತ್ತಾನೆ: ಎಂಬತ್ತೆರಡು.
ದೋಣಿಯನ್ನು ನೀರಿಗೆ ತಳ್ಳುತ್ತಾನೆ: ನೂರಾ ಹದಿನೆಂಟು.
ಆಮೇಲೆ ಗುಡ್ಡದ ಮರೆಗೆ ಹೋಗಿ
ಇಲ್ಲವಾಗುತ್ತಾನೆ.

ಹೊಸದರಲ್ಲಿ ಆ ಗೆರೆ ಕಂಡು ಕುರ್ಚಿ ಬಿಟ್ಟು ಎದ್ದಿದ್ದೆ.
ಹಿರಿಯಳು ಮಿರೆಯಾ ತೋಳು ಹಿಡಿದು ಕೂರಿಸಿದಳು:
"ದಾರ ಹಿಡಿದು ಎಳೆದಷ್ಟು ನೇರ ಇದೆ ನೋಡು.
ಇದು ಸಾವಲ್ಲ, ಸಿಗ್ನಲ್ ಇಲ್ಲ ಅಷ್ಟೆ.
ಸತ್ತವರ ಗೆರೆಯೂ ತುಸು ಅಲುಗುತ್ತದೆ, ಮಗು."

ಅವನು ಮರಳಿದಾಗ ಮೂರು ತಾಸಿನ ಬಡಿತ
ಮೂಟೆ ಕಟ್ಟಿಕೊಂಡು ಒಟ್ಟಿಗೆ ಬಂದು ಬೀಳುತ್ತದೆ,
ಒದ್ದೆ ಪಾಚಿಯ ಹಾಗೆ.
ಬಿಚ್ಚಿ ಹರವಿ ನೋಡುತ್ತೇನೆ:
ಇಲ್ಲಿ ಹುಟ್ಟು ಹಾಕಿದ, ಇಲ್ಲಿ ಬಗ್ಗಿದ,
ಇಲ್ಲಿ ಯಾರನ್ನೋ ಬೈದ, ಗಾಳಿಯನ್ನೇ ಇರಬೇಕು.

ಇವತ್ತಿನ ಮೂಟೆಯಲ್ಲಿ, ಐದೂ ಹನ್ನೆರಡಕ್ಕೆ,
ಗೆರೆ ನಿಂತಿತ್ತು.
ಪೂರಾ ಅಲ್ಲ. ಹೃದಯದ ಮೇಲಿನ ಕೋಣೆ
ಪುಟ್ಟ ಪುಟ್ಟ ಉಬ್ಬಿನಲ್ಲಿ ಕರೆಯುತ್ತಲೇ ಇತ್ತು,
ಏಳರವರೆಗೆ ಎಣಿಸಿದೆ;
ಕೆಳಗಿನ ಕೋಣೆ ಓಗೊಡಲಿಲ್ಲ.
ಆರು ಸೆಕೆಂಡು.
ಎಂಟನೆಯ ಕರೆಗೆ, ಏನೂ ಆಗಿಲ್ಲವೆಂಬಂತೆ, ಹೂಂ ಅಂದಿತ್ತು.

ನನ್ನ ಕೈ ತಣ್ಣಗಾಗುವ ಹೊತ್ತಿಗೆ
ಅದು ನಡೆದು ಎರಡು ತಾಸು ಕಳೆದಿತ್ತು.

ಡಾಕ್ಟರನ್ನು ಎಬ್ಬಿಸಿ, ಅವನಿಗೆ ಫೋನು ಮಾಡಿದೆ.
ಆಲೂಗಡ್ಡೆ ಹೆರೆಯುತ್ತ ಕೂತಿದ್ದಾನಂತೆ.
"ಐದೂ ಹನ್ನೆರಡಕ್ಕಾ? ದೋಣಿಯ ಲಾಂದ್ರ ಆರಿತು ಅಂದುಕೊಂಡೆ.
ನೋಡಿದರೆ ಉರಿಯುತ್ತಲೇ ಇತ್ತು."
ಒಬ್ಬನೇ ಎಲ್ಲೂ ಹೋಗಬೇಡ, ಈಗಿನ ಲಾಂಚಿಗೇ ಹತ್ತು,
ಎದೆಯೊಳಗೆ ಪುಟ್ಟದೊಂದು ಯಂತ್ರ ಇಡುತ್ತಾರೆ, ಅಂದೆ.
"ಏನು ಮಾಡುತ್ತೆ ಅದು?"
ಕರೆದಾಗ ಓಗೊಡದಿದ್ದರೆ ತಟ್ಟಿ ಎಬ್ಬಿಸುತ್ತೆ.
"ಹಾಗಾದರೆ ಎರಡು ತರಿಸು. ನನ್ನ ಓರ್ಫೆಲಿನಾ
ಏಳು ಸಲ ಕೂಗಿದರೂ ತಿರುಗುವವಳಲ್ಲ.
ಕಿವಿ ಮಂದವೇನಲ್ಲ, ಮನಸ್ಸಿಲ್ಲ."
ನಕ್ಕ.

ನಗು ಮೊದಲು ಕಿವಿಗೆ ಬಂತು.
ಪರದೆಯ ಮೇಲೆ, ನಾಲ್ಕು ಸೆಕೆಂಡು ತಡವಾಗಿ,
ಹನ್ನೊಂದನೆಯ ಗೆರೆ ಗೀಚುಗೀಚಾಗಿ ನಡುಗಿತು.
ವರದಿಯಲ್ಲಿ ಇದಕ್ಕೆ ಬರೆಯಬೇಕಾದ್ದು: ಸ್ನಾಯುಚಲನೆಯ ಅಡಚಣೆ.
ಬರೆದೆ.

ಎಂಟಕ್ಕೆ ಪಾಳಿ ಮುಗಿದರೂ
ಕೋಟು ತೊಟ್ಟುಕೊಂಡು ಅಲ್ಲೇ ನಿಂತಿದ್ದೇನೆ.
ಲಾಂಚು ಗುಡ್ಡದ ಮರೆ ಸೇರಿರಬೇಕು,
ಗೆರೆ ನೇರವಾಗಿದೆ,
ದಾರ ಹಿಡಿದು ಎಳೆದಷ್ಟು.
ಅಲುಗಬೇಡ, ಅಲುಗಬೇಡ ಅನ್ನುತ್ತ
ಅದನ್ನೇ ನೋಡುತ್ತಿದ್ದೇನೆ.